ಮೈ ಆಟಗಾರನದು, ವಾರ ಯಾರದು? – ರಗ್ಬಿ ಲೀಗ್‌ನಲ್ಲಿ ಕ್ಲಬ್ಬು ಮತ್ತು ದೇಶದ ಜಗಳ

ಹೋದ ವರ್ಷ ನಮ್ಮ ಹಾಸ್ಟೆಲಿನ ಸೀನಿಯರ್ ಒಬ್ಬರು ಊರ ಜಾತ್ರೆಯ ಕಬಡ್ಡಿ ಆಡೋಕೆ ಹೋಗಿ ಮಂಡಿ ತಿರುಚಿಕೊಂಡು ಬಂದರು. ಇನ್ನು ಮೂರೇ ದಿನಕ್ಕೆ ಅಂತರ ಕಾಲೇಜು ಪಂದ್ಯ. ಪಿ.ಇ. ಸರ್ ಗೇಟಿನ ಹತ್ತಿರವೇ ಹಿಡಿದು ನಿಲ್ಲಿಸಿ ಬೈದರು: "ಯಾರನ್ನ ಕೇಳಿ ಹೋಗಿದ್ದೆ?" ಸೀನಿಯರ್ ಕುಂಟುತ್ತಲೇ ಹೇಳಿದರು: "ಸರ್, ಊರವರು ಕರೆದಾಗ ಹೋಗದೆ ಇರೋಕಾಗುತ್ತಾ?" ಪಕ್ಕದಲ್ಲಿ ನಿಂತಿದ್ದ ನನಗೆ ಇಬ್ಬರದ್ದೂ ಸರಿ ಅನ್ನಿಸಿತು. ವರ್ಷವಿಡೀ ಅಭ್ಯಾಸ ಮಾಡಿಸಿ, ಮೊಟ್ಟೆ-ಬಾಳೆಹಣ್ಣು ಕೊಟ್ಟು ತಯಾರು ಮಾಡಿದ್ದು ಕಾಲೇಜು. ಆದರೆ ಕಬಡ್ಡಿ ಕಲಿಸಿದ ಮಣ್ಣು ಊರಿನದು.

ಇದೇ ಜಗಳವನ್ನ ನೂರಾರು ಪಟ್ಟು ದೊಡ್ಡದಾಗಿ, ಕೋಟಿಗಟ್ಟಲೆ ದುಡ್ಡಿನ ನಡುವೆ ನೋಡಬೇಕು ಅಂದ್ರೆ ರಗ್ಬಿ ಲೀಗ್ ನೋಡಬೇಕು. ಕ್ರಿಕೆಟ್‌ನಲ್ಲಿ ಈ ಜಗಳ ನಮಗೆ ಅಷ್ಟಾಗಿ ಕಾಣೋದಿಲ್ಲ. ಯಾಕಂದ್ರೆ ಐಪಿಎಲ್ ನಡೆಸೋದೂ ಬಿಸಿಸಿಐ, ಭಾರತ ತಂಡ ಆರಿಸೋದೂ ಬಿಸಿಸಿಐ. ಒಂದೇ ಮನೆಯ ಎರಡು ಕೋಣೆ. ರಗ್ಬಿ ಲೀಗ್‌ನಲ್ಲಿ ಹಾಗಲ್ಲ. ಅಲ್ಲಿ ಸಂಬಳ ಕೊಡೋದು ಕ್ಲಬ್ಬು. ದೇಶದ ತಂಡ ಅನ್ನೋದು ವರ್ಷದ ಕೊನೆಗೆ ಬಾಗಿಲು ತಟ್ಟಿ "ನಿಮ್ಮ ಹುಡುಗನನ್ನ ನಾಲ್ಕು ವಾರ ಕೊಡ್ತೀರಾ" ಅಂತ ಕೇಳೋ ನೆಂಟ.

ನಾನು ಈ ಲೇಖನದಲ್ಲಿ ಹೇಳೋಕೆ ಹೊರಟಿರೋದು ಒಂದೇ ವಿಷಯ. ಈ ಜಗಳ ಹೊರಗಿನಿಂದ ದುಡ್ಡಿನ ಜಗಳದ ಹಾಗೆ ಅಥವಾ ದೇಶಪ್ರೇಮದ ಜಗಳದ ಹಾಗೆ ಕಾಣುತ್ತೆ. ಬಿಚ್ಚಿ ನೋಡಿದರೆ ಅದು ವಾರಗಳ ಜಗಳ. ವರ್ಷಕ್ಕಿರೋದು 52 ವಾರ, ಅದರಲ್ಲಿ ಯಾರಿಗೆ ಎಷ್ಟು ಅನ್ನೋದು.

ಮೊದಲು ಆಟ ಯಾವುದು ಅಂತ

ರಗ್ಬಿ ಅಂತ ಎರಡು ಆಟ ಇವೆ. 15 ಜನ ಆಡೋದು ರಗ್ಬಿ ಯೂನಿಯನ್. ಒಲಿಂಪಿಕ್ಸ್‌ನಲ್ಲಿ ನಾವು ನೋಡೋ ಏಳು ಜನರ ಆಟ ಅದರ ತಮ್ಮ. 13 ಜನ ಆಡೋದು ರಗ್ಬಿ ಲೀಗ್. ಚೆಂಡು ಹಿಡಿದ ತಂಡಕ್ಕೆ ಆರು ಟ್ಯಾಕಲ್‌ಗಳ ಅವಕಾಶ. ಅಷ್ಟರೊಳಗೆ ಗೆರೆ ದಾಟಿ ಚೆಂಡು ನೆಲಕ್ಕೆ ಮುಟ್ಟಿಸಿದರೆ ಟ್ರೈ, ಅದಕ್ಕೆ 4 ಅಂಕ. ಮೇಲೆ ಕಿಕ್ ಹೊಡೆದರೆ ಇನ್ನೆರಡು. ಆಟದ ನಡುವೆಯೇ ಚೆಂಡನ್ನ ನೆಲಕ್ಕೆ ಪುಟಿಸಿ ಗೋಲಿನ ಕಂಬಗಳ ನಡುವೆ ಒದ್ದರೆ 1 ಅಂಕ, ಇದು ಡ್ರಾಪ್ ಗೋಲ್. ಹಿಡಿದು ಕೆಡವೋದು, ಎದ್ದು ಮತ್ತೆ ನುಗ್ಗೋದು – ನಮ್ಮ ಕಬಡ್ಡಿ ನೋಡಿದವರಿಗೆ ಇದರ ರುಚಿ ಬೇಗ ಹತ್ತುತ್ತೆ.

ಈ ಆಟ ಹುಟ್ಟಿದ ಕಥೆಯಲ್ಲೇ ಇವತ್ತಿನ ಜಗಳದ ಬೀಜ ಇದೆ. 1895ರ ಆಗಸ್ಟ್ 29ರಂದು ಉತ್ತರ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕ್ಲಬ್ಬುಗಳವರು ಸೇರಿ ರಗ್ಬಿ ಯೂನಿಯನ್ನಿಂದ ಹೊರಗೆ ಬಂದರು. ಕಾರಣ ಸರಳ. ಅಲ್ಲಿನ ಆಟಗಾರರು ಗಿರಣಿ, ಗಣಿಯಲ್ಲಿ ದುಡಿಯೋ ಜನ. ಶನಿವಾರ ಆಡೋಕೆ ಹೋದರೆ ಆ ಹೊತ್ತಿನ ಕೂಲಿ ಕಟ್. ಆ ತಪ್ಪಿದ ಕೂಲಿಯನ್ನ ಕ್ಲಬ್ಬು ತುಂಬಿಕೊಡಬೇಕು ಅಂತ ಉತ್ತರದವರು ಕೇಳಿದರು. ಆಟಕ್ಕೆ ದುಡ್ಡು ಮುಟ್ಟೋದು ಪಾಪ ಅಂತ ಲಂಡನ್ನಿನ ಸಾಹೇಬರು ಒಪ್ಪಲಿಲ್ಲ. ಒಡೆದು ಹೋಯಿತು.

ಗಮನಿಸಿ, ಒಡೆದು ಹೊರಬಂದದ್ದು ಕ್ಲಬ್ಬುಗಳು. ಆಗ ಅವರಿಗೆ ದೇಶದ ತಂಡ ಅಂತ ಒಂದು ಇರಲೇ ಇಲ್ಲ. ಯೂನಿಯನ್‌ನಲ್ಲಿ ದೇಶದ ಸಂಸ್ಥೆ ಮೊದಲಿನಿಂದಲೂ ಯಜಮಾನ. ಲೀಗ್‌ನಲ್ಲಿ ಸಂಬಳದ ಪುಸ್ತಕ ಇಟ್ಟವನೇ ಯಜಮಾನ. 1908ರಲ್ಲಿ ಸಿಡ್ನಿಯಲ್ಲಿ ಆಟ ಶುರುವಾದಾಗಲೂ ಇದೇ ಮಾದರಿ ಅಲ್ಲಿಗೆ ಹೋಯಿತು.

180 ಡಿಗ್ರಿ ಇದ್ದದ್ದು ಸೊನ್ನೆ ಆದದ್ದು

ಹಾಗಾದ್ರೆ ಹಿಂದೆ ದೇಶ-ದೇಶದ ಪಂದ್ಯ ನಡೀತಿರಲಿಲ್ವಾ? ಚೆನ್ನಾಗೇ ನಡೀತಿತ್ತು. ಈ ಭಾಗ ನನಗೆ ಬಹಳ ಇಷ್ಟ, ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಬ್ರಿಟನ್ನಿನಲ್ಲಿ ರಗ್ಬಿ ಲೀಗ್ ಚಳಿಗಾಲದ ಆಟವಾಗಿತ್ತು: ಆಗಸ್ಟ್ ಕೊನೆಯಿಂದ ಮೇವರೆಗೆ. ಆಸ್ಟ್ರೇಲಿಯಾದಲ್ಲೂ ಚಳಿಗಾಲದ ಆಟವೇ. ಆದರೆ ಅವರ ಚಳಿಗಾಲ ನಮ್ಮ ಜೂನ್-ಜುಲೈ, ಹಾಗಾಗಿ ಅಲ್ಲಿ ಮಾರ್ಚಿನಿಂದ ಸೆಪ್ಟೆಂಬರ್‌ವರೆಗೆ. ಎರಡು ಸೈನ್ ವೇವ್ ಬರೆದು ಒಂದನ್ನ 180 ಡಿಗ್ರಿ ಸರಿಸಿದರೆ ಹೇಗಿರುತ್ತೆ, ಹೆಚ್ಚುಕಮ್ಮಿ ಹಾಗೆ. ಒಬ್ಬರ ಸೀಸನ್ ಮುಗಿದಾಗ ಇನ್ನೊಬ್ಬರದ್ದು ನಡೀತಿರುತ್ತೆ.

ಇದರ ಲಾಭ ನೋಡಿ. ಆಸ್ಟ್ರೇಲಿಯಾದ ತಂಡ – ಕಾಂಗರೂಸ್ ಅಂತ ಅದರ ಹೆಸರು – ತನ್ನ ಸೀಸನ್ ಮುಗಿಸಿ ಸೆಪ್ಟೆಂಬರ್ ಕೊನೆಗೆ ಹೊರಟು ಬ್ರಿಟನ್ನಿಗೆ ಬರೋದು. ಅಲ್ಲಿ ಆಗ ಸೀಸನ್ ನಡೀತಿರೋದರಿಂದ ಟೆಸ್ಟ್ ಪಂದ್ಯಗಳ ನಡುವೆ ವಿಗನ್, ಲೀಡ್ಸ್‌ನಂಥ ಕ್ಲಬ್ಬುಗಳ ಜೊತೆಗೂ ಆಡೋದು. ಕ್ಲಬ್ಬಿಗೆ ಟಿಕೆಟ್ ದುಡ್ಡು, ಊರವರಿಗೆ ಹಬ್ಬ. ಹಾಗೇ ಬ್ರಿಟನ್ನಿನ ಲಯನ್ಸ್ ತಂಡ ತನ್ನ ಬಿಡುವಿನ ಜೂನ್-ಜುಲೈನಲ್ಲಿ ಆಸ್ಟ್ರೇಲಿಯಾಕ್ಕೆ ಹೋಗೋದು. ಮೊದಲ ಕಾಂಗರೂಸ್ ಪ್ರವಾಸ 1908-09ರಲ್ಲಿ. 1982ರಲ್ಲಿ ಬಂದ ಕಾಂಗರೂಸ್ ಬ್ರಿಟನ್ ಮತ್ತು ಫ್ರಾನ್ಸ್ ಎರಡೂ ಕಡೆ ಒಂದು ಪಂದ್ಯವನ್ನೂ ಸೋಲದೆ ವಾಪಸ್ ಹೋಯಿತು; ಅದನ್ನ ನೋಡಿದ ಬ್ರಿಟನ್ನಿನವರು ತಮ್ಮ ತರಬೇತಿಯ ರೀತಿಯನ್ನೇ ಬದಲಿಸಬೇಕಾಯಿತು. ದೇಶದ ಪಂದ್ಯ ಕ್ಲಬ್ಬಿನ ಹೊಟ್ಟೆ ಮೇಲೆ ಹೊಡೀದೆ, ಅದನ್ನ ತುಂಬಿಸ್ತಿತ್ತು.

1995ರಲ್ಲಿ ಇದೆಲ್ಲ ಮುರಿಯಿತು. ರೂಪರ್ಟ್ ಮರ್ಡಾಕ್ ಅವರ ನ್ಯೂಸ್ ಕಾರ್ಪೊರೇಷನ್‌ಗೆ ಟಿವಿಯಲ್ಲಿ ತೋರಿಸೋಕೆ ಆಟ ಬೇಕಿತ್ತು. ಆಸ್ಟ್ರೇಲಿಯಾದಲ್ಲಿ ಇದ್ದ ಲೀಗ್‌ಗೆ ಎದುರಾಗಿ ಸೂಪರ್ ಲೀಗ್ ಅಂತ ಇನ್ನೊಂದನ್ನ ಕಟ್ಟೋಕೆ ಹೊರಟರು, ಆಟಗಾರರಿಗೆ ಚೆಕ್ಕಿನ ಮೇಲೆ ಚೆಕ್ಕು. ಬ್ರಿಟನ್ನಿನ ಕ್ಲಬ್ಬುಗಳಿಗೆ ಐದು ವರ್ಷಕ್ಕೆ 87 ಮಿಲಿಯನ್ ಪೌಂಡ್. ಒಂದು ಷರತ್ತು: ಆಟ ಬೇಸಿಗೆಗೆ ಬರಬೇಕು. 1996ರಿಂದ ಬ್ರಿಟನ್ನಿನ ಸೀಸನ್ ಮಾರ್ಚಿನಿಂದ ಸೆಪ್ಟೆಂಬರ್-ಅಕ್ಟೋಬರ್ ಆಯಿತು.

ಅಂದ್ರೆ ಎರಡೂ ಅಲೆಗಳು ಒಂದೇ ಫೇಸಿಗೆ ಬಂದವು. ಈಗ ಇಬ್ಬರೂ ಒಟ್ಟಿಗೇ ಆಡ್ತಾರೆ, ಒಟ್ಟಿಗೇ ಸುಸ್ತಾಗ್ತಾರೆ, ಒಟ್ಟಿಗೇ ರಜೆ ತಗೋತಾರೆ. ಲಯನ್ಸ್ ಜೂನ್‌ನಲ್ಲಿ ಎಲ್ಲಿಗೂ ಹೋಗೋ ಹಾಗಿಲ್ಲ. ಕಾಂಗರೂಸ್ ಅಕ್ಟೋಬರಿನಲ್ಲಿ ಬಂದರೆ ಎದುರಿಗೆ ಆಡೋ ಕ್ಲಬ್ಬು ಇಲ್ಲ, ಅವರದ್ದೂ ಸೀಸನ್ ಮುಗಿದಿರುತ್ತೆ. ಹಳೇ ಥರದ ದೊಡ್ಡ ಕಾಂಗರೂಸ್ ಪ್ರವಾಸ 1994ರದ್ದೇ ಕೊನೆ. ಆಸ್ಟ್ರೇಲಿಯಾ-ಬ್ರಿಟನ್ ನಡುವಿನ ಆಷಸ್ ಸರಣಿ (ಹೌದು, ಇವರಲ್ಲೂ ಆಷಸ್ ಇದೆ) 2003ರ ಮೇಲೆ ನಿಂತೇ ಹೋಯಿತು. ಮತ್ತೆ ನಡೆದದ್ದು 2025ರಲ್ಲಿ. 22 ವರ್ಷ. ಒಬ್ಬ ಆಟಗಾರ ಹುಟ್ಟಿ, ಬೆಳೆದು, ಕ್ಲಬ್ಬು ಸೇರುವಷ್ಟು ಕಾಲ.

ಆ 1995ರಲ್ಲಿ ಇನ್ನೊಂದು ವಿಚಿತ್ರವೂ ಆಯಿತು. ಅದೇ ವರ್ಷ ವಿಶ್ವಕಪ್ ಇತ್ತು. ಸೂಪರ್ ಲೀಗ್‌ಗೆ ಸಹಿ ಹಾಕಿದ ಆಟಗಾರರನ್ನ ಆಸ್ಟ್ರೇಲಿಯಾದ ಹಳೇ ಸಂಸ್ಥೆ ದೇಶದ ತಂಡಕ್ಕೆ ತಗೊಳ್ಳಲೇ ಇಲ್ಲ. ನೀನು ಎಷ್ಟು ಚೆನ್ನಾಗಿ ಆಡ್ತೀಯ ಅನ್ನೋದಲ್ಲ, ಯಾವ ಕಾಗದಕ್ಕೆ ಸಹಿ ಹಾಕಿದೀಯ ಅನ್ನೋದರ ಮೇಲೆ ದೇಶದ ಜರ್ಸಿ. ಅರ್ಧ ಬಲದ ಆ ತಂಡ ಕೂಡ ವೆಂಬ್ಲಿಯಲ್ಲಿ ಇಂಗ್ಲೆಂಡನ್ನ 16-8ರಿಂದ ಸೋಲಿಸಿ ಕಪ್ ಗೆದ್ದಿತು ಅನ್ನೋದು ಬೇರೆ ಮಾತು.

ಉಳಿದದ್ದು ಎಷ್ಟು ವಾರ

ಈಗ ಲೆಕ್ಕ ಹಾಕೋಣ. ಆಸ್ಟ್ರೇಲಿಯಾದ ಎನ್ಆರ್‌ಎಲ್ ಈ ಆಟದ ಅತಿ ದೊಡ್ಡ ಲೀಗ್. 27 ಸುತ್ತು, ಅದರ ಮೇಲೆ ನಾಲ್ಕು ವಾರ ಫೈನಲ್ಸ್. ಒಟ್ಟು 31 ವಾರ. ಮಾರ್ಚ್ ಮೊದಲ ವಾರ ಶುರುವಾದರೆ ಅಕ್ಟೋಬರ್ ಮೊದಲ ವಾರ ಮುಗಿಯುತ್ತೆ. ಡಿಸೆಂಬರಿನಲ್ಲಿ ಆಸ್ಟ್ರೇಲಿಯಾ ಕಾದ ಹಂಚು, ಇಂಗ್ಲೆಂಡ್ ಹೆಪ್ಪುಗಟ್ಟಿದ ಕೆಸರು. ಜೊತೆಗೆ ಮುಂದಿನ ಸೀಸನ್ನಿನ ತಯಾರಿ ಆಗಲೇ ಶುರು. ಹಾಗಾಗಿ ದೇಶದ ಪಂದ್ಯಕ್ಕೆ ಉಳಿಯೋದು ಅಕ್ಟೋಬರ್ ಎರಡನೇ ವಾರದಿಂದ ನವೆಂಬರ್ ಮಧ್ಯದವರೆಗೆ, ಐದಾರು ವಾರ. ಅದರಲ್ಲೇ ಪ್ರಯಾಣ, ಅಭ್ಯಾಸ, ಪಂದ್ಯ ಎಲ್ಲ. ಅದರಲ್ಲೇ ಆಟಗಾರನ ಶಸ್ತ್ರಚಿಕಿತ್ಸೆಯೂ! ಏಳು ತಿಂಗಳು ಮುಂದೂಡಿದ ಭುಜದ, ಮಂಡಿಯ ಆಪರೇಷನ್ ಮಾಡಿಸಿಕೊಳ್ಳೋಕೆ ಸಿಗೋದೂ ಇದೇ ಕಾಲ. ಬೇಗ ಮಾಡಿಸಿಕೊಂಡರೆ ಮಾರ್ಚಿಗೆ ಸಿದ್ಧ. ದೇಶಕ್ಕೆ ಆಡಿ ಆಮೇಲೆ ಮಾಡಿಸಿಕೊಂಡರೆ ಕ್ಲಬ್ಬಿನ ಮೊದಲ ಪಂದ್ಯಗಳು ತಪ್ಪಬಹುದು. ಕ್ಲಬ್ಬಿನ ಡಾಕ್ಟರ್ ಯಾವುದನ್ನ ಹೇಳ್ತಾರೆ ಅಂತ ಊಹಿಸೋಕೆ ಕಷ್ಟ ಇಲ್ಲ.

ಆಪರೇಟಿಂಗ್ ಸಿಸ್ಟಮ್ಸ್ ಓದಿದವರಿಗೆ ಇದು ಪರಿಚಿತ. ರಿಸೋರ್ಸ್ ಒಂದೇ, ಕೇಳೋ ಪ್ರೊಸೆಸ್ ಎರಡು; ಒಂದಕ್ಕೆ ಯಾವಾಗಲೂ ಹೆಚ್ಚಿನ ಪ್ರಯಾರಿಟಿ ಕೊಟ್ಟರೆ ಇನ್ನೊಂದು ಸಾಯೋದಿಲ್ಲ, ಆದರೆ ಕಾಯ್ತಾನೇ ಇರುತ್ತೆ. ಅದಕ್ಕೆ ಸ್ಟಾರ್ವೇಷನ್ ಅಂತ ನಾವು ಪರೀಕ್ಷೆಯಲ್ಲಿ ಬರೀತೀವಿ. ರಗ್ಬಿ ಲೀಗ್‌ನಲ್ಲಿ ಅದರ ಅತಿ ಸ್ಪಷ್ಟ ಉದಾಹರಣೆ: 2019ರ ನವೆಂಬರ್ 2ರಂದು ಆಡಿದ ಆಸ್ಟ್ರೇಲಿಯಾ ಪುರುಷರ ತಂಡ ಮತ್ತೆ ಮೈದಾನಕ್ಕಿಳಿದದ್ದು 2022ರ ಅಕ್ಟೋಬರಿನಲ್ಲಿ. ಸುಮಾರು ಮೂರು ವರ್ಷ ಒಂದೂ ಪಂದ್ಯ ಇಲ್ಲ. ಅದೇ ಕಾಲದಲ್ಲಿ ಎನ್ಆರ್‌ಎಲ್ ಕೋವಿಡ್ ಇದ್ದರೂ ಒಂದು ಸೀಸನ್ನನ್ನೂ ತಪ್ಪಿಸಲಿಲ್ಲ.

ಬೇರೆ ಆಟಗಳು ಇದನ್ನ ಹೇಗೆ ಬಿಡಿಸಿಕೊಂಡಿವೆ? ಫುಟ್ಬಾಲಿನಲ್ಲಿ ಫಿಫಾ ವರ್ಷದಲ್ಲಿ ಇಂತಿಷ್ಟು ದಿನ ಅಂತ ಗೊತ್ತು ಮಾಡಿದೆ. ಆ ದಿನಗಳಲ್ಲಿ ಕ್ಲಬ್ಬು ಆಟಗಾರನನ್ನ ಬಿಡಲೇಬೇಕು. ಬಿಟ್ಟದ್ದಕ್ಕೆ ಪ್ರತಿಫಲವೂ ಇದೆ: 2022ರ ವಿಶ್ವಕಪ್ಪಿಗೆ ಆಟಗಾರರನ್ನ ಕಳಿಸಿದ ಕ್ಲಬ್ಬುಗಳಿಗೆ ಫಿಫಾ ಹಂಚಿದ್ದು 209 ಮಿಲಿಯನ್ ಡಾಲರ್. ರಗ್ಬಿ ಯೂನಿಯನ್‌ನಲ್ಲೂ ಬಿಡಲೇಬೇಕು ಅನ್ನೋ ನಿಯಮ ಇದೆ. ನ್ಯೂಜಿಲೆಂಡಿನಲ್ಲಂತೂ ಆಲ್ ಬ್ಲ್ಯಾಕ್ಸ್ ಆಟಗಾರರ ಸಂಬಳದ ಯಜಮಾನ ದೇಶದ ಸಂಸ್ಥೆಯೇ. ರಗ್ಬಿ ಲೀಗ್‌ನ ಅಂತರರಾಷ್ಟ್ರೀಯ ಸಂಸ್ಥೆಯ ಬಳಿ ಅಂಥ ಗಂಟಿಲ್ಲ. ಲೀಗ್ ಆಡೋ ನ್ಯೂಜಿಲೆಂಡಿನವರಲ್ಲಿ ಬಹುಪಾಲು ಜನರಿಗೆ ಸಂಬಳ ಬರೋದು ಆಸ್ಟ್ರೇಲಿಯಾದ ಕ್ಲಬ್ಬುಗಳಿಂದ. ಎನ್ಆರ್‌ಎಲ್‌ನಲ್ಲಿ ಆ ದೇಶಕ್ಕೆ ಇರೋದು ಆಕ್ಲೆಂಡಿನ ವಾರಿಯರ್ಸ್ ಒಂದೇ. ಹೀಗಿರುವಾಗ ನ್ಯೂಜಿಲೆಂಡಿನಿಂದ ಯಾರು ಸಿಡ್ನಿಗೆ ಆಜ್ಞೆ ಮಾಡ್ತಾರೆ?

ಕ್ಲಬ್ಬಿನವರ ಮಾತನ್ನೂ ಕೇಳಬೇಕು

ಇಷ್ಟು ಓದಿ ಕ್ಲಬ್ಬೇ ವಿಲನ್ ಅಂತ ತೀರ್ಮಾನಿಸಬೇಡಿ. ಮೊದಮೊದಲು ನಾನೂ ಹಾಗೇ ಅಂದುಕೊಂಡಿದ್ದೆ.

ಎನ್ಆರ್‌ಎಲ್‌ನಲ್ಲಿ ಸ್ಯಾಲರಿ ಕ್ಯಾಪ್ ಇದೆ. ಒಂದು ಕ್ಲಬ್ಬು ಆಟಗಾರರ ಮೇಲೆ ಇಷ್ಟೇ ಖರ್ಚು ಮಾಡಬೇಕು ಅನ್ನೋ ಮಿತಿ. ಅದರಲ್ಲಿ ದೊಡ್ಡ ಪಾಲನ್ನ ಒಬ್ಬ ತಾರೆಗೆ ಕೊಟ್ಟಿದ್ದಾರೆ ಅಂದುಕೊಳ್ಳಿ. ಅವನು ಬೇರೆ ಜರ್ಸಿಯಲ್ಲಿ ಆಡುವಾಗ ಎದೆಯ ಸ್ನಾಯು ಹರಿದುಕೊಂಡರೆ? 2023ರ ಜೂನ್‌ನಲ್ಲಿ ಮ್ಯಾನ್ಲಿ ಕ್ಲಬ್ಬಿನ ಟಾಮ್ ಟ್ರಬೊಯೆವಿಚ್‌ಗೆ ಆದದ್ದು ಇದೇ. ನ್ಯೂ ಸೌತ್ ವೇಲ್ಸ್ ರಾಜ್ಯದ ಪರ ಆಡುವಾಗ ಸ್ನಾಯು ಹರಿಯಿತು, ಆ ಸೀಸನ್ ಮುಗಿಯಿತು. ಮ್ಯಾನ್ಲಿ ಆ ವರ್ಷ 12ನೇ ಸ್ಥಾನ. ಅವರೊಬ್ಬರಿಲ್ಲದ್ದಕ್ಕೇ ಹಾಗಾಯಿತು ಅಂತ ನಾನು ಹೇಳೋಲ್ಲ. ಆದರೆ ಮ್ಯಾನ್ಲಿಯ ಅಭಿಮಾನಿಯ ಮುಂದೆ ನಿಂತು "ಪರವಾಗಿಲ್ಲ, ರಾಜ್ಯಕ್ಕಾಗಿ ಅಲ್ವಾ" ಅಂತ ಹೇಳಿ ನೋಡಿ.

ರಾಜ್ಯ ಅಂದೆ. ಇದು ಈ ಕಥೆಯ ಇನ್ನೊಂದು ತಿರುವು. ಆಸ್ಟ್ರೇಲಿಯಾದಲ್ಲಿ ಕ್ಲಬ್ಬು ಮತ್ತು ದೇಶದ ನಡುವೆ ಮೂರನೆಯದೊಂದಿದೆ: ಸ್ಟೇಟ್ ಆಫ್ ಒರಿಜಿನ್. ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ರಾಜ್ಯಗಳ ನಡುವೆ ವರ್ಷಕ್ಕೆ ಮೂರು ಪಂದ್ಯ, ಅದೂ ಕ್ಲಬ್ ಸೀಸನ್ನಿನ ನಟ್ಟನಡುವೆ. ಇದು ಹುಟ್ಟಿದ್ದೂ ಕ್ಲಬ್ಬಿನ ದುಡ್ಡಿನಿಂದಲೇ. 1956ರಲ್ಲಿ ನ್ಯೂ ಸೌತ್ ವೇಲ್ಸ್ ಸರ್ಕಾರ ಕ್ಲಬ್ಬುಗಳಲ್ಲಿ ಜೂಜಿನ ಯಂತ್ರಗಳನ್ನ ಕಾನೂನುಬದ್ಧ ಮಾಡಿತು. ಸಿಡ್ನಿಯ ಕ್ಲಬ್ಬುಗಳು ಆ ದುಡ್ಡಿನಲ್ಲಿ ಕ್ವೀನ್ಸ್‌ಲ್ಯಾಂಡಿನ ಒಳ್ಳೊಳ್ಳೆ ಹುಡುಗರನ್ನ ಕರೆಸಿಕೊಂಡವು. ಆಗಿನ ನಿಯಮದಲ್ಲಿ ನಿನ್ನ ಕ್ಲಬ್ಬು ಯಾವ ರಾಜ್ಯದಲ್ಲಿದೆಯೋ ಅದೇ ನಿನ್ನ ರಾಜ್ಯ. ಹೀಗಾಗಿ ಕ್ವೀನ್ಸ್‌ಲ್ಯಾಂಡ್ ತನ್ನದೇ ಮಕ್ಕಳ ಕೈಲಿ ವರ್ಷ ವರ್ಷ ಒದೆ ತಿಂದಿತು.

1980ರ ಜುಲೈ 8ರಂದು, ಬ್ರಿಸ್ಬೇನಿನ ಲ್ಯಾಂಗ್ ಪಾರ್ಕಿನಲ್ಲಿ, ನಿಯಮ ಬದಲಿಸಿ ನೋಡಿದರು: ಕ್ಲಬ್ಬು ಎಲ್ಲಿದ್ದರೂ ಸರಿ, ಎಲ್ಲಿ ಬೆಳೆದೆಯೋ ಅಲ್ಲಿಗೆ ಆಡು. 35 ವರ್ಷದ ಆರ್ಥರ್ ಬೀಟ್ಸನ್ ಕ್ವೀನ್ಸ್‌ಲ್ಯಾಂಡಿನ ನಾಯಕ. ಸಿಡ್ನಿಯ ಪ್ಯಾರಮ್ಯಾಟ ಕ್ಲಬ್ಬಿನಲ್ಲಿ ಅವರ ಜೊತೆಗಾರ ಮಿಕ್ ಕ್ರೋನಿನ್ ಎದುರು ತಂಡದಲ್ಲಿ. ಸಂಬಳ ಕೊಡೋ ಕ್ಲಬ್ಬು ಒಂದೇ ಆದಾಗ ಇವರು ನಿಜವಾಗಿ ಗುದ್ದಾಡ್ತಾರಾ ಅಂತ ಎಷ್ಟೋ ಜನಕ್ಕೆ ಅನುಮಾನ ಇತ್ತು. ಬೀಟ್ಸನ್ ಕೈ ಎತ್ತಿ ಕ್ರೋನಿನ್‌ಗೆ ಹಾಕಿದ ಒಂದು ಟ್ಯಾಕಲ್ ಆ ಅನುಮಾನ ತೀರಿಸಿತು. ಕ್ವೀನ್ಸ್‌ಲ್ಯಾಂಡ್ 20-10ರಿಂದ ಗೆದ್ದಿತು. ಇವತ್ತು ಒರಿಜಿನ್ ಅನ್ನೋದು ಆಸ್ಟ್ರೇಲಿಯಾದ ಟಿವಿಯಲ್ಲಿ ಅತಿ ಹೆಚ್ಚು ಜನ ನೋಡೋ ಕಾರ್ಯಕ್ರಮಗಳಲ್ಲಿ ಒಂದು.

ಇದರಿಂದ ನನಗೆ ಹೊಳೆದದ್ದು ಇದು: ಸೀಸನ್ನಿನ ನಡುವೆ ಆಟಗಾರರನ್ನ ಬಿಡೋದು ಅಸಾಧ್ಯ ಅಂತ ಕ್ಲಬ್ಬುಗಳು ಹೇಳೋ ಹಾಗಿಲ್ಲ. ಒರಿಜಿನ್‌ಗೆ ಪ್ರತಿ ವರ್ಷ ಬಿಡ್ತಾರೆ, ಗಾಯ ಆದರೂ ಸಹಿಸ್ಕೋತಾರೆ. ಯಾಕಂದ್ರೆ ಒರಿಜಿನ್‌ನ ಟಿವಿ ದುಡ್ಡು ಲೀಗ್‌ನ ಪೆಟ್ಟಿಗೆಗೇ ಬೀಳುತ್ತೆ, ಅಲ್ಲಿಂದ ಕ್ಲಬ್ಬುಗಳಿಗೆ ಹಂಚಿಕೆ ಆಗುತ್ತೆ. ಟೆಸ್ಟ್ ಪಂದ್ಯದಿಂದ ಅಷ್ಟು ಬರೋಲ್ಲ. ಇಲ್ಲಿ ದುಡ್ಡಿನ ಕೆಲಸ ಒಂದೇ, ವಾರ ಕೊಳ್ಳೋದು.

2018ರ ಜೂನ್ 23ರಂದು ಇದಕ್ಕೆ ತದ್ವಿರುದ್ಧವಾದದ್ದೊಂದು ನಡೆಯಿತು. ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್ ನಡುವೆ ಅಮೆರಿಕದ ಡೆನ್ವರ್‌ನಲ್ಲಿ ಟೆಸ್ಟ್. ಡೆನ್ವರ್ ಇರೋದು ಸಮುದ್ರ ಮಟ್ಟಕ್ಕಿಂತ ಒಂದು ಮೈಲಿ ಎತ್ತರದಲ್ಲಿ, ಅಂದ್ರೆ 1,600 ಮೀಟರ್. ನಮ್ಮ ಚಿಕ್ಕಮಗಳೂರಿನ ಗಿರಿಗಳ ಎತ್ತರಕ್ಕೆ ಸ್ವಲ್ಪ ಕಡಿಮೆ. ಸೀಸನ್ನಿನ ನಡುವೆ ಸಿಡ್ನಿಯಿಂದ ಅಲ್ಲಿಗೆ ಹಾರಿ, ತೆಳು ಗಾಳಿಯಲ್ಲಿ, ಬೇಸಿಗೆ ಬಿಸಿಲಲ್ಲಿ 80 ನಿಮಿಷ ಆಡಿ, ಮತ್ತೆ ಹಾರಿ ಬಂದು ಮುಂದಿನ ವಾರ ಕ್ಲಬ್ಬಿಗೆ ಆಡಬೇಕು. ಎನ್ಆರ್‌ಎಲ್ ಕ್ಲಬ್ಬುಗಳು ಜೋರಾಗಿ ವಿರೋಧಿಸಿದವು. ಪಂದ್ಯ ನಡೆಯಿತು, ಇಂಗ್ಲೆಂಡ್ 36-18ರಿಂದ ಗೆದ್ದಿತು, 19 ಸಾವಿರ ಚಿಲ್ಲರೆ ಜನ ಬಂದಿದ್ದರು. ಮರುವರ್ಷ ಯಾರೂ ಅಲ್ಲಿಗೆ ಹೋಗಲಿಲ್ಲ. ಈ ವಿಷಯದಲ್ಲಿ ನನ್ನ ಓಟು ಕ್ಲಬ್ಬುಗಳಿಗೇ. ಹೊಸ ಊರಿಗೆ ಆಟ ತಲುಪಿಸೋ ಆಸೆ ಒಳ್ಳೇದು, ಆದರೆ ಅದರ ಬೆಲೆಯನ್ನ ಆಟಗಾರನ ಮೈಯಿಂದ ವಸೂಲು ಮಾಡಿದ್ದು ಸರಿಯಲ್ಲ.

ಕೆಂಪು ಜರ್ಸಿ

ಇನ್ನು ನಾನು ಈ ಆಟಕ್ಕೆ ಬಿದ್ದುಹೋದ ಕಥೆ.

ಟೋಂಗಾ ಅನ್ನೋದು ಪೆಸಿಫಿಕ್ ಸಾಗರದ ದ್ವೀಪ ರಾಜ್ಯ. ಜನಸಂಖ್ಯೆ ಒಂದು ಲಕ್ಷದ ಆಸುಪಾಸು, ನಮ್ಮ ಒಂದು ಸಣ್ಣ ತಾಲ್ಲೂಕಿನಷ್ಟು. ಅಲ್ಲಿಂದ ಕೆಲಸ ಹುಡುಕಿ ಆಕ್ಲೆಂಡ್, ಸಿಡ್ನಿಗೆ ಹೋದವರ ಮಕ್ಕಳು ಎನ್ಆರ್‌ಎಲ್ ತುಂಬ ಇದ್ದಾರೆ. ಅವರಲ್ಲಿ ಚೆನ್ನಾಗಿ ಆಡೋರು ಹೆಚ್ಚಾಗಿ ಆಸ್ಟ್ರೇಲಿಯಾ ಅಥವಾ ನ್ಯೂಜಿಲೆಂಡ್ ಸೇರ್ತಿದ್ದರು. ಟೋಂಗಾಕ್ಕೆ ಸಿಗೋದು ಉಳಿದವರು.

ಜೇಸನ್ ಟೌಮಲೊಲೊ ಆಕ್ಲೆಂಡಿನಲ್ಲಿ ಹುಟ್ಟಿದ ಟೋಂಗನ್ ಕುಟುಂಬದ ಹುಡುಗ. 2016ರಲ್ಲಿ ಎನ್ಆರ್‌ಎಲ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿಯನ್ನ ಇನ್ನೊಬ್ಬರ ಜೊತೆ ಹಂಚಿಕೊಂಡವರು. 2017ರಲ್ಲಿ ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ ಅವರ ಜೊತೆ ಹತ್ತು ವರ್ಷದ ಕರಾರು ಮಾಡಿಕೊಂಡಿತು, ಮೊತ್ತ ಸುಮಾರು ಒಂದು ಕೋಟಿ ಆಸ್ಟ್ರೇಲಿಯನ್ ಡಾಲರ್ ಅಂತ ಸುದ್ದಿಯಾಯಿತು. ಅದೇ ವರ್ಷ ವಿಶ್ವಕಪ್ಪಿಗೆ ಮುಂಚೆ ಅವರು ನ್ಯೂಜಿಲೆಂಡ್ ಬಿಟ್ಟು ಟೋಂಗಾಕ್ಕೆ ಆಡ್ತೀನಿ ಅಂದರು. ಆಂಡ್ರೂ ಫಿಫಿಟಾ ಆಸ್ಟ್ರೇಲಿಯಾ ಬಿಟ್ಟು ಬಂದರು. ಹ್ಯಾಮಿಲ್ಟನ್ನಿನಲ್ಲಿ ಟೋಂಗಾ 28-22ರಿಂದ ನ್ಯೂಜಿಲೆಂಡನ್ನ ಸೋಲಿಸಿತು. ಸೆಮಿಫೈನಲ್‌ನಲ್ಲಿ ಇಂಗ್ಲೆಂಡಿನೆದುರು 20-18ರಿಂದ, ಬರೀ ಎರಡು ಅಂಕದಿಂದ ಸೋತಿತು. ಆಕ್ಲೆಂಡಿನ ರಸ್ತೆಗಳಲ್ಲಿ ಕಾರುಗಳ ಮೇಲೆಲ್ಲ ಕೆಂಪು ಬಾವುಟ. 2019ರ ನವೆಂಬರ್ 2ರಂದು ಈಡನ್ ಪಾರ್ಕಿನಲ್ಲಿ ಟೋಂಗಾ ಆಸ್ಟ್ರೇಲಿಯಾವನ್ನೇ 16-12ರಿಂದ ಮಣಿಸಿತು. ಆಸ್ಟ್ರೇಲಿಯಾ ಮೂರು ವರ್ಷ ಮನೆಯಲ್ಲಿ ಕೂತದ್ದು ಇದೇ ಸೋಲಿನ ನಂತರ.

ಇಲ್ಲಿ ಒಂದು ಕ್ಷಣ ನಿಲ್ಲಿ. ಟೌಮಲೊಲೊ ಹಾಗೆ ಮಾಡೋಕೆ ಆದದ್ದು ಹೇಗೆ? ಅವರ ಊಟ ದೇಶದ ತಂಡದ ಕೈಲಿರಲಿಲ್ಲ. ಶ್ರೀಮಂತ ಸಂಸ್ಥೆಯ ಜರ್ಸಿ ಬಿಟ್ಟು ಬಡ ಸಂಸ್ಥೆಯ ಜರ್ಸಿ ತೊಡೋಕೆ ಧೈರ್ಯ ಕೊಟ್ಟದ್ದು ಕ್ಲಬ್ಬಿನ ಆ ಹತ್ತು ವರ್ಷದ ಕಾಗದ. ದೇಶದ ಪಂದ್ಯಗಳಿಗೆ ವಾರ ಕೊಡದ ಅದೇ ಕ್ಲಬ್ಬಿನ ವ್ಯವಸ್ಥೆ ಟೋಂಗಾ, ಸಮೋವಾಗಳ ಆಟಗಾರರನ್ನ ಬೆಳೆಸಿದೆ, ಸಾಕಿದೆ. ಒಂದೇ ಕೈ ಉಣಿಸುತ್ತೆ, ಅದೇ ಕೈ ತಟ್ಟೆ ಎಳೆಯುತ್ತೆ. ಹಾಗಾಗಿ ಈ ಜಗಳದಲ್ಲಿ ಒಬ್ಬರ ಪಕ್ಷ ಹಿಡಿಯೋದು ನನಗೆ ಕಷ್ಟ.

ಆದರೆ 2021ರಲ್ಲಿ ನಡೆದದ್ದರ ಬಗ್ಗೆ ನನಗೆ ಅನುಮಾನ ಇಲ್ಲ. ಆ ವರ್ಷ ಅಕ್ಟೋಬರಿನಲ್ಲಿ ಇಂಗ್ಲೆಂಡಿನಲ್ಲಿ ವಿಶ್ವಕಪ್, ಪುರುಷರು, ಮಹಿಳೆಯರು, ಗಾಲಿಕುರ್ಚಿ ಮೂರೂ ಒಟ್ಟಿಗೆ. ಜುಲೈ 22ರಂದು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಕೋವಿಡ್ ಕಾರಣ ಕೊಟ್ಟು ಬರೋಲ್ಲ ಅಂದವು. ಮರುದಿನವೇ ಟೋಕಿಯೋದಲ್ಲಿ ಒಲಿಂಪಿಕ್ಸ್ ಉದ್ಘಾಟನೆ, ಎರಡೂ ದೇಶದ ಕ್ರೀಡಾಪಟುಗಳು ಅಲ್ಲಿದ್ದರು. ಅದೇ ನವೆಂಬರಿನಲ್ಲಿ ಆಸ್ಟ್ರೇಲಿಯಾದ ರಗ್ಬಿ ಯೂನಿಯನ್ ತಂಡ ಲಂಡನ್ನಿನಲ್ಲೇ ಟೆಸ್ಟ್ ಆಡಿತು. ಲೀಗ್ ಆಟಗಾರರು ಆ ವರ್ಷ ತಿಂಗಳುಗಟ್ಟಲೆ ಮನೆ ಬಿಟ್ಟು ಬಯೋ ಬಬಲ್‌ನಲ್ಲಿ ಇದ್ದದ್ದು ನಿಜ, ದಣಿವು ನಿಜ. ಆದರೂ ಸೀಸನ್ ಪೂರ್ತಿ ಆಡಿಸೋಕೆ ಸಾಧ್ಯವಾದ ಸಾಹಸ, ದೇಶದ ಸರದಿ ಬಂದಾಗ ಮಾಯವಾಯಿತು. ಟೂರ್ನಿಯೇ ಒಂದು ವರ್ಷ ಮುಂದಕ್ಕೆ ಹೋಯಿತು.

ಮುಂದಕ್ಕೆ ಹೋಗಿ 2022ರಲ್ಲಿ ನಡೆದಾಗ ಏನಾಯಿತು ನೋಡಿ. ಸಮೋವಾದ ಜರೋಮ್ ಲುವಾಯ್, ಬ್ರಯನ್ ಟೊಒ, ಸ್ಟೀಫನ್ ಕ್ರೈಟನ್ ಮೂವರೂ ಪೆನ್ರಿತ್ ಕ್ಲಬ್ಬಿನವರು. ಅಕ್ಟೋಬರ್ 2ರಂದು ಸಿಡ್ನಿಯಲ್ಲಿ ಎನ್ಆರ್‌ಎಲ್ ಫೈನಲ್ ಗೆದ್ದು ವಿಮಾನ ಹತ್ತಿದರು. ಅಕ್ಟೋಬರ್ 15ರಂದು ನ್ಯೂಕ್ಯಾಸಲ್ಲಿನಲ್ಲಿ ಮೊದಲ ಪಂದ್ಯ: ಇಂಗ್ಲೆಂಡ್ 60, ಸಮೋವಾ 6. ಒಟ್ಟಿಗೆ ಅಭ್ಯಾಸವೇ ಸರಿಯಾಗಿ ಆಗಿರಲಿಲ್ಲ. ನಾಲ್ಕು ವಾರ ಒಟ್ಟಿಗಿದ್ದರು, ಆಡಿದರು. ನವೆಂಬರ್ 12ರಂದು ಸೆಮಿಫೈನಲ್, ಮತ್ತೆ ಅದೇ ಇಂಗ್ಲೆಂಡ್. 26-26ರಲ್ಲಿ ಸಮ, ಹೆಚ್ಚುವರಿ ಸಮಯ, ಕ್ರೈಟನ್ ಹೊಡೆದ ಒಂದು ಡ್ರಾಪ್ ಗೋಲ್. ಸಮೋವಾ 27, ಇಂಗ್ಲೆಂಡ್ 26. ನಾಲ್ಕು ವಾರ ಸಿಕ್ಕರೆ 54 ಅಂಕದ ಅಂತರ ಹೀಗೆ ಅಳಿಸಿಹೋಗುತ್ತೆ. ಫೈನಲ್‌ನಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಆಸ್ಟ್ರೇಲಿಯಾಕ್ಕೆ 30-10ರಿಂದ ಸೋತರು, ಅದಿರಲಿ.

ಮರುವರ್ಷ, 2023ರ ಅಕ್ಟೋಬರ್. ಫೈನಲ್ ಆಡಿದವರಲ್ಲಿ ಹಲವರು ಇಲ್ಲದ ಸಮೋವಾ ತಂಡ ಆಕ್ಲೆಂಡಿನಲ್ಲಿ ನ್ಯೂಜಿಲೆಂಡಿನೆದುರು 50-0ಯಿಂದ ಸೋತಿತು.

ಈಗಿನ ಸ್ಥಿತಿ ಇಷ್ಟು. 2025ರ ವಿಶ್ವಕಪ್ ಅಮೆರಿಕಕ್ಕೆ ಅಂತ ಆಗಿತ್ತು, ಅಲ್ಲಿ ಕೈಬಿಟ್ಟಿತು. ಫ್ರಾನ್ಸ್ ವಹಿಸಿಕೊಂಡಿತು, 2023ರಲ್ಲಿ ಅದೂ ಹಿಂದೆ ಸರಿಯಿತು. ಕೊನೆಗೆ 2026ರ ಅಕ್ಟೋಬರ್-ನವೆಂಬರಿಗೆ, ಆಸ್ಟ್ರೇಲಿಯಾಕ್ಕೆ ಬಂತು, ಅದೇ ಐದಾರು ವಾರದ ಕಿಟಕಿಯೊಳಗೆ. ಪುರುಷರ ವಿಭಾಗದಲ್ಲಿ 2022ರಲ್ಲಿ 16 ತಂಡ ಇದ್ದವು, ಇದಕ್ಕೆ 10. ಇನ್ನೊಂದು ಕಡೆ ಪಪುವಾ ನ್ಯೂಗಿನಿ ಬೇರೆಯೇ ದಾರಿ ಹಿಡಿದಿದೆ. ರಗ್ಬಿ ಲೀಗ್ ಆ ದೇಶದ ರಾಷ್ಟ್ರೀಯ ಆಟ. ಅವರ ಪೋರ್ಟ್ ಮೋರ್ಸ್‌ಬಿ ನಗರದ ತಂಡವೊಂದು 2028ರಿಂದ ಎನ್ಆರ್‌ಎಲ್‌ನಲ್ಲೇ ಆಡಲಿದೆ, ಅದಕ್ಕೆ ಹತ್ತು ವರ್ಷಕ್ಕೆ 600 ಮಿಲಿಯನ್ ಡಾಲರ್ ಕೊಡ್ತಿರೋದು ಆಸ್ಟ್ರೇಲಿಯಾ ಸರ್ಕಾರ. ಅಕ್ಟೋಬರಿನ ಆ ಐದಾರು ವಾರಕ್ಕೆ ಕಾಯೋ ಬದಲು, ದೇಶವೇ ಕ್ಲಬ್ಬಾಗಿ ಉಳಿದ 31 ವಾರದೊಳಕ್ಕೆ ಕಾಲಿಡ್ತಿದೆ.